ಕಡಲಿಗೆ ಚೆಲ್ಲಿದ ಎಣ್ಣೆಯಲ್ಲಿ ಮರಳಿ ಕೈಗೆ ಬಂದದ್ದೆಷ್ಟು?

ಪ್ರಶ್ನೆ: 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಎಣ್ಣೆಬಾವಿ ಕೊರೆಯುವ ರಿಗ್ ಸ್ಫೋಟಗೊಂಡ ಮೇಲೆ ಬಿಪಿ ತೈಲ ಕಂಪನಿ ಸಾವಿರಾರು ದೋಣಿ, ಹಡಗುಗಳನ್ನೂ ಹತ್ತಾರು ಸಾವಿರ ಜನರನ್ನೂ ಇಳಿಸಿ ಸ್ವಚ್ಛತಾ ಕಾರ್ಯ ನಡೆಸಿತೆಂದು ಓದಿದ್ದೇನೆ. ಅಷ್ಟೆಲ್ಲ ಮಾಡಿದ ಮೇಲೆ ಚೆಲ್ಲಿದ ಎಣ್ಣೆಯ ಎಷ್ಟು ಪಾಲು ನಿಜವಾಗಿ ಹೊರಬಂತು? ಸಮುದ್ರಕ್ಕೆ ರಾಸಾಯನಿಕ ಸುರಿದದ್ದು ಎಣ್ಣೆಯನ್ನು ಕಣ್ಣಿಗೆ ಕಾಣದಂತೆ ಮಾಡಲಿಕ್ಕಷ್ಟೇ ಎಂಬ ಆರೋಪ ಸರಿಯೇ? ತಪ್ಪು ಮಾಡಿದ ಕಂಪನಿಯ ಕೈಗೇ ಶುಚಿ ಮಾಡುವ ಕೆಲಸವನ್ನೂ ಕೊಡುವುದು ವಿಚಿತ್ರವೆನಿಸುವುದಿಲ್ಲವೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಅಂಕಿಗಳಲ್ಲೇ ಉತ್ತರವಿರುವುದರಿಂದ ಅಲ್ಲಿಂದ ಆರಂಭಿಸುತ್ತೇನೆ. ಅಮೆರಿಕದ ಲೂಸಿಯಾನಾ ತೀರದಿಂದ ಸುಮಾರು 66 ಕಿಲೋಮೀಟರ್ ದೂರದಲ್ಲಿ, 1,500 ಮೀಟರ್ ನೀರಿನಡಿಯಲ್ಲಿ ಕೊರೆಯುತ್ತಿದ್ದ ಮಕೊಂಡೊ ಬಾವಿ 2010ರ ಏಪ್ರಿಲ್ 20ರ ರಾತ್ರಿ ಹತೋಟಿ ತಪ್ಪಿತು. ಬಾವಿ ಬಿಪಿಯದು, ಕೊರೆಯುತ್ತಿದ್ದ ರಿಗ್ ಟ್ರಾನ್ಸ್‌ಓಷನ್ ಕಂಪನಿಯದು. ಹನ್ನೊಂದು ಕಾರ್ಮಿಕರು ಸತ್ತರು, ಎರಡು ದಿನಗಳ ನಂತರ ರಿಗ್ ಮುಳುಗಿತು, ಜುಲೈ 15ರಂದು ಬಾವಿಯ ಬಾಯಿ ಮುಚ್ಚುವವರೆಗೆ 87 ದಿನಗಳ ಕಾಲ ಎಣ್ಣೆ ಹರಿಯಿತು. ಸರ್ಕಾರ ನೇಮಿಸಿದ ವಿಜ್ಞಾನಿಗಳ ಅಂದಾಜಿನಂತೆ ಬಾವಿಯಿಂದ ಹೊರಬಂದದ್ದು ಒಟ್ಟು 49 ಲಕ್ಷ ಬ್ಯಾರೆಲ್. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ಬಿಪಿ ಈ ಅಂಕಿಯನ್ನು ಒಪ್ಪಲಿಲ್ಲ. ಮೊಕದ್ದಮೆ ನಡೆದು, 2015ರ ಜನವರಿಯಲ್ಲಿ ನ್ಯಾಯಾಧೀಶ ಕಾರ್ಲ್ ಬಾರ್ಬಿಯರ್ ಅವರು ಹೊರಬಂದದ್ದು 40 ಲಕ್ಷ ಬ್ಯಾರೆಲ್, ಹಿಡಿದಿಟ್ಟದ್ದನ್ನು ಕಳೆದು ಸಮುದ್ರ ಸೇರಿದ್ದು 31.9 ಲಕ್ಷ ಬ್ಯಾರೆಲ್ ಎಂದು ನಿರ್ಣಯಿಸಿದರು.

ಆ ಎಣ್ಣೆ ಎಲ್ಲಿ ಹೋಯಿತು ಎಂಬ ಲೆಕ್ಕವನ್ನು ಸರ್ಕಾರ 2010ರ ನವೆಂಬರ್‌ನಲ್ಲಿ ಪರಿಷ್ಕರಿಸಿ ಪ್ರಕಟಿಸಿತು. 49 ಲಕ್ಷ ಬ್ಯಾರೆಲ್‌ಗಳನ್ನು ನೂರು ಎಂದುಕೊಂಡರೆ, ಬಾವಿಯ ಬಾಯಿಯಲ್ಲೇ ಕೊಳವೆ ಹಾಕಿ ಮೇಲಕ್ಕೆಳೆದುಕೊಂಡದ್ದು ಸುಮಾರು 17 ಪಾಲು. ಸಮುದ್ರದ ಮೇಲೆಯೇ ಸುಟ್ಟದ್ದು 5 ಪಾಲು. ಸ್ಕಿಮ್ಮರ್ ಯಂತ್ರಗಳಿಂದ ನೀರಿನ ಮೇಲಿನಿಂದ ಕೆನೆಯಂತೆ ತೆಗೆದದ್ದು 3 ಪಾಲು. ರಾಸಾಯನಿಕದಿಂದ ಚದುರಿದ್ದು 16, ತಾನಾಗಿಯೇ ಚದುರಿದ್ದು 13, ಆವಿಯಾಗಿದ್ದು ಅಥವಾ ನೀರಿನಲ್ಲಿ ಕರಗಿದ್ದು 23 ಪಾಲು. ಉಳಿದ ಕಾಲುಭಾಗಕ್ಕೆ ಸ್ವಲ್ಪ ಕಡಿಮೆ ಪಾಲಿಗೆ ‘ಇತರೆ’ ಎಂಬ ಹೆಸರು: ತೀರಕ್ಕೆ ಬಡಿದದ್ದು, ಮರಳಿನಲ್ಲಿ ಹೂತದ್ದು, ಡಾಂಬರಿನ ಉಂಡೆಗಳಾಗಿ ತೇಲುತ್ತಿದ್ದದ್ದು, ತಳಕ್ಕಿಳಿದದ್ದು, ಎಲ್ಲವೂ ಅದರಲ್ಲಿ ಸೇರಿದೆ.

ಅಂದರೆ ನೀವು ಚಿತ್ರಗಳಲ್ಲಿ ನೋಡಿರುವ ಎಣ್ಣೆ ಹರಡದಂತೆ ನೀರಿನ ಮೇಲೆ ಹಾಕುವ ಕಿತ್ತಳೆ ಬಣ್ಣದ ತೇಲುಗೋಡೆಗಳು, ಅವುಗಳನ್ನು ಎಳೆಯುವ ಮೀನುದೋಣಿಗಳು, ಬಿಳಿ ಉಡುಪು ತೊಟ್ಟು ಸಲಿಕೆ ಹಿಡಿದ ಕೆಲಸಗಾರರು, ಇವೆಲ್ಲ ಸೇರಿ ನೀರಿನ ಮೇಲಿನಿಂದ ಎತ್ತಿದ್ದು ನೂರರಲ್ಲಿ ಮೂರು. ಅತಿ ಹೆಚ್ಚು ಜನ ದುಡಿಯುತ್ತಿದ್ದ ದಿನಗಳಲ್ಲಿ ಸುಮಾರು 47,000 ಮಂದಿ ಈ ಕಾರ್ಯದಲ್ಲಿದ್ದರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇದು ಕೆಲಸಗಾರರ ಸೋಮಾರಿತನವಲ್ಲ, ಬಿಪಿಯದೊಂದೇ ಅಸಾಮರ್ಥ್ಯವೂ ಅಲ್ಲ. ಸಮುದ್ರಕ್ಕೆ ಒಮ್ಮೆ ಬಿದ್ದ ಎಣ್ಣೆಯ ಸ್ವಭಾವವೇ ಹಾಗೆ. ಯಂತ್ರಗಳಿಂದ ಶೇಕಡಾ ಹತ್ತು ಹದಿನೈದಕ್ಕಿಂತ ಹೆಚ್ಚು ಎತ್ತಿದ ಉದಾಹರಣೆಗಳು ದೊಡ್ಡ ಸೋರಿಕೆಗಳಲ್ಲಿ ವಿರಳ.

ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಎಣ್ಣೆ ನೀರಿನ ಮೇಲೆ ಹರಡಿ ಒಂದು ಮಿಲಿಮೀಟರಿನ ಹತ್ತನೇ ಒಂದಂಶದಷ್ಟು ದಪ್ಪದ ಪೊರೆಯಾಗಿದೆ ಎಂದುಕೊಳ್ಳಿ. ಎರಡು ದೋಣಿಗಳು ನೂರು ಮೀಟರ್ ಅಗಲದ ತೇಲುಗೋಡೆಯನ್ನು ನಡುವೆ ಹಿಡಿದು ಗಂಟೆಗೆ 1.85 ಕಿಲೋಮೀಟರ್, ಅಂದರೆ ಒಂದು ನಾಟ್ ವೇಗದಲ್ಲಿ ಸಾಗಿದರೆ, ಅವು ಒಂದು ಗಂಟೆಯಲ್ಲಿ ಸಂಧಿಸುವ ಎಣ್ಣೆ ಹದಿನೆಂಟೂವರೆ ಘನಮೀಟರ್, ಅಥವಾ ಸುಮಾರು 116 ಬ್ಯಾರೆಲ್. ಪೊರೆ ಇನ್ನೂ ಹತ್ತು ಪಟ್ಟು ತೆಳುವಾದರೆ ಹನ್ನೆರಡು ಬ್ಯಾರೆಲ್ಲೂ ಸಿಗುವುದಿಲ್ಲ. ಪಂಪಿಗೆ ಗಂಟೆಗೆ ಸಾವಿರ ಬ್ಯಾರೆಲ್ ಎಳೆಯುವ ಶಕ್ತಿಯಿದ್ದರೂ ಅದು ಎಳೆಯುವುದು ನೀರನ್ನೇ. ವೇಗ ಹೆಚ್ಚಿಸೋಣವೆಂದರೆ ಅದಕ್ಕೂ ಮಿತಿಯಿದೆ: ಸಾಮಾನ್ಯ ತೇಲುಗೋಡೆಗೆ ಎದುರಾಗಿ ಹರಿಯುವ ನೀರಿನ ವೇಗ ಮುಕ್ಕಾಲು ನಾಟ್‌ನ ಆಸುಪಾಸಿಗೆ ಬಂದರೆ ಎಣ್ಣೆ ಅದರ ಅಡಿಯಿಂದ ನುಸುಳಿ ಹೋಗತೊಡಗುತ್ತದೆ; ಮೇಲಿನ ಲೆಕ್ಕದ ಒಂದು ನಾಟ್ ಕೂಡ ಉದಾರವಾದ ಊಹೆಯೇ. ಅಲೆ ಒಂದೂವರೆ ಮೀಟರ್ ದಾಟಿದರೆ ಎಣ್ಣೆ ಗೋಡೆಯ ಮೇಲಿಂದಲೇ ಹಾರಿಹೋಗುತ್ತದೆ. ರಾತ್ರಿಯಲ್ಲಿ ದಪ್ಪ ಪೊರೆ ಎಲ್ಲಿದೆಯೆಂದು ಹುಡುಕುವುದೇ ಕಷ್ಟ.

ಇದರ ಜೊತೆಗೆ ಎಣ್ಣೆಯೂ ಸುಮ್ಮನಿರುವುದಿಲ್ಲ. ಹಗುರವಾದ ಅಂಶಗಳು ಮೊದಲ ಒಂದೆರಡು ದಿನಗಳಲ್ಲೇ ಆವಿಯಾಗುತ್ತವೆ. ಉಳಿದದ್ದು ಅಲೆಗಳ ಕಡೆತಕ್ಕೆ ನೀರನ್ನು ಹೀರಿಕೊಂಡು ಕಂದು ಕಿತ್ತಳೆ ಬಣ್ಣದ, ಗಟ್ಟಿ ಮುದ್ದೆಯಂಥ ಮಿಶ್ರಣವಾಗುತ್ತದೆ. ಗಾತ್ರದಲ್ಲಿ ಅದು ಮೂಲ ಎಣ್ಣೆಗಿಂತ ಹಲವು ಪಟ್ಟು ಹಿಗ್ಗಿರುತ್ತದೆ, ಸುಟ್ಟರೆ ಹತ್ತಿಕೊಳ್ಳುವುದಿಲ್ಲ, ರಾಸಾಯನಿಕಕ್ಕೂ ಜಗ್ಗುವುದಿಲ್ಲ, ಪಂಪನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಮೂಲದಿಂದ ದೂರ ಸರಿದ ಪ್ರತಿ ಕಿಲೋಮೀಟರ್ ಮತ್ತು ಕಳೆದ ಪ್ರತಿ ದಿನವೂ ಸ್ವಚ್ಛತೆಯನ್ನು ದುಬಾರಿಯೂ ನಿಷ್ಫಲವೂ ಆಗಿಸುತ್ತಾ ಹೋಗುತ್ತದೆ.

ಬಿಪಿಯ ಹೊಣೆಗಾರಿಕೆ ನಿಜವಾಗಿ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ನೋಡಲು ಈ ಹಿನ್ನೆಲೆ ಬೇಕಿತ್ತು. ಸೋರಿಕೆಗೆ ಮೊದಲೇ ಕಂಪನಿ ಸರ್ಕಾರಕ್ಕೆ ಸಲ್ಲಿಸಿದ ಯೋಜನೆಯಲ್ಲಿ ದಿನಕ್ಕೆ ಸುಮಾರು 4.9 ಲಕ್ಷ ಬ್ಯಾರೆಲ್ ಎಣ್ಣೆಯನ್ನು ನೀರಿನ ಮೇಲಿನಿಂದ ಎತ್ತುವ ಸಾಮರ್ಥ್ಯ ತನ್ನ ಕೈಯಲ್ಲಿದೆ ಎಂದು ಹೇಳಿಕೊಂಡಿತ್ತು. ಮುಂದೆ ಇಡೀ ಸೋರಿಕೆಯ ಅವಧಿಯಲ್ಲಿ ಸ್ಕಿಮ್ಮರ್‌ಗಳು ಎತ್ತಿದ್ದು ಅದರ ಮೂರನೇ ಒಂದರಷ್ಟು. ಒಂದು ದಿನದ ಹೇಳಿಕೆಯ ಮೂರನೇ ಒಂದು ಭಾಗ, ಮೂರು ತಿಂಗಳಲ್ಲಿ. ಕಂಪನಿ ಕಾಗದದಲ್ಲಿ ಕಳ್ಳ ಲೆಕ್ಕ ಬರೆಯಿತೆಂದು ಇದರ ಅರ್ಥವಲ್ಲ, ಮತ್ತು ಇದೇ ಹೆಚ್ಚು ಆತಂಕದ ವಿಷಯ. ಆಗಿನ ನಿಯಮದ ಪ್ರಕಾರ ಪಂಪಿನ ತಯಾರಕರು ಹೇಳಿದ ಸಾಮರ್ಥ್ಯವನ್ನು ಇಪ್ಪತ್ತನಾಲ್ಕು ಗಂಟೆಗಳಿಂದ ಗುಣಿಸಿ, ಅದರ ಐದನೇ ಒಂದು ಭಾಗವನ್ನು ಬರೆದರೆ ಸಾಕಿತ್ತು. ಪಂಪಿಗೆ ಎಣ್ಣೆ ಸಿಗುತ್ತದೆಯೇ ಎಂಬ ಪ್ರಶ್ನೆಯನ್ನು ಆ ಸೂತ್ರ ಕೇಳುತ್ತಲೇ ಇರಲಿಲ್ಲ.

ಅದೇ ಯೋಜನೆಯಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ರಕ್ಷಿಸಬೇಕಾದ ಪ್ರಾಣಿಗಳ ಪಟ್ಟಿಯಲ್ಲಿ ವಾಲ್ರಸ್, ಸೀಲ್ ಮತ್ತು ಕಡಲಸಿಂಹಗಳ ಹೆಸರುಗಳಿದ್ದವು. ಬೆಚ್ಚನೆಯ ಆ ಕೊಲ್ಲಿಯಲ್ಲಿ ವಾಲ್ರಸ್ ಇರುವುದಿಲ್ಲ. ಸಲಹೆ ಪಡೆಯಬೇಕಾದ ವನ್ಯಜೀವಿ ತಜ್ಞರ ಪಟ್ಟಿಯಲ್ಲಿದ್ದ ಒಬ್ಬರು ಯೋಜನೆ ಸಲ್ಲಿಕೆಯಾಗುವ ಹೊತ್ತಿಗೆ ತೀರಿಕೊಂಡು ವರ್ಷಗಳಾಗಿದ್ದವು. ಜೂನ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಉಳಿದ ದೊಡ್ಡ ತೈಲ ಕಂಪನಿಗಳ ಯೋಜನೆಗಳನ್ನು ತೆಗೆದು ನೋಡಿದಾಗ ಅವುಗಳಲ್ಲಿ ಹಲವು ಇದರದೇ ಪಡಿಯಚ್ಚಿನಂತಿದ್ದವು. ವಾಲ್ರಸ್ ಅಲ್ಲೂ ಇತ್ತು. ಓದುವವರೇ ಇಲ್ಲದ ಕಾಗದವನ್ನು ಬರೆಯುವವರು ಹೀಗೆಯೇ ಬರೆಯುತ್ತಾರೆ.

ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಮಾತು ಇಲ್ಲಿ ಅಕ್ಷರಶಃ ನಡೆಯಿತು. ಹತೋಟಿ ತಪ್ಪಿದ ಬಾವಿಯನ್ನು ಶಾಶ್ವತವಾಗಿ ಮುಚ್ಚುವ ಖಚಿತ ವಿಧಾನವೆಂದರೆ ಪಕ್ಕದಲ್ಲಿ ಮತ್ತೊಂದು ಬಾವಿಯನ್ನು ಓರೆಯಾಗಿ ಕೊರೆದು, ಕೆಳಗೆ ಮೂಲ ಬಾವಿಯನ್ನು ಸಂಧಿಸಿ, ಅಲ್ಲಿಂದ ಭಾರದ ಕೆಸರು ಮತ್ತು ಸಿಮೆಂಟ್ ತುಂಬುವುದು. ಬಿಪಿ ಇದನ್ನು ಮೇ ಆರಂಭದಲ್ಲೇ ಶುರು ಮಾಡಿತು. ಮುಗಿದದ್ದು ಸೆಪ್ಟೆಂಬರ್ 19ರಂದು. ಈ ನಡುವಿನ ತಿಂಗಳುಗಳಲ್ಲಿ ಎಣ್ಣೆಯನ್ನು ಮೂಲದಲ್ಲೇ ಹಿಡಿಯಲು ಬೇಕಾದ ಸಲಕರಣೆ ಸಿದ್ಧವಾಗಿ ಎಲ್ಲಿಯೂ ಇರಲಿಲ್ಲವಾದ್ದರಿಂದ ಒಂದೊಂದನ್ನೂ ಆಗಲೇ ಯೋಚಿಸಿ, ಆಗಲೇ ಬೆಸೆದು ಇಳಿಸಬೇಕಾಯಿತು. ಮೇ 7ರ ಸುಮಾರಿಗೆ ನೂರು ಟನ್ ತೂಕದ ಉಕ್ಕಿನ ಗುಮ್ಮಟವನ್ನು ಸೋರುವ ಕೊಳವೆಯ ಮೇಲೆ ಇಳಿಸಿದರು. ಆ ಆಳದ ಚಳಿ ಮತ್ತು ಒತ್ತಡದಲ್ಲಿ ಮೀಥೇನ್ ಅನಿಲ ನೀರಿನೊಡನೆ ಸೇರಿ ಮಂಜುಗಡ್ಡೆಯಂಥ ಹರಳಾಗುತ್ತದೆ. ಆ ಹರಳು ಗುಮ್ಮಟದ ಬಾಯನ್ನು ಕಟ್ಟಿತಲ್ಲದೆ ಅದನ್ನು ಮೇಲಕ್ಕೆ ತೇಲಿಸತೊಡಗಿತು. ಮೇ ಮಧ್ಯದಲ್ಲಿ ಮುರಿದ ಕೊಳವೆಯೊಳಗೆ ಸಣ್ಣ ಕೊಳವೆಯನ್ನು ತೂರಿಸಿ ಒಂದಷ್ಟು ಎಣ್ಣೆಯನ್ನು ಎಳೆದುಕೊಂಡರು. ಮೇ 26ರಿಂದ ಮೂರು ದಿನ ಬಾವಿಯ ತಲೆಯಿಂದ ಭಾರದ ಕೆಸರನ್ನು ಒತ್ತಿ ಹರಿವನ್ನು ನಿಲ್ಲಿಸಲು ಯತ್ನಿಸಿದರು, ಅದೂ ಸೋತಿತು.

ಆ ಸೋಲಿನ ಹಿಂದೆ ಒಂದು ಅಂಕಿಯ ಕಥೆಯಿದೆ, ಮತ್ತು ಕಂಪನಿಯ ನಡೆಯಲ್ಲಿ ನಾನು ಅತ್ಯಂತ ಗಂಭೀರವೆಂದು ಎಣಿಸುವ ದೋಷ ಇದೇ. ಮೊದಲು ದಿನಕ್ಕೆ 1,000 ಬ್ಯಾರೆಲ್ ಸೋರುತ್ತಿದೆ ಎಂದರು. ಏಪ್ರಿಲ್ 28ಕ್ಕೆ ಸರ್ಕಾರಿ ವಿಜ್ಞಾನಿಗಳು ಅದನ್ನು 5,000ಕ್ಕೆ ಏರಿಸಿದರು, ಮತ್ತು ಸುಮಾರು ಒಂದು ತಿಂಗಳು ಅದೇ ಅಧಿಕೃತ ಅಂಕಿಯಾಗಿ ಉಳಿಯಿತು. ಮೇ 12ರಂದು ಬಾವಿಯ ಬಾಯಿಯ ಮೂವತ್ತು ಸೆಕೆಂಡುಗಳ ಚಿತ್ರಿಕೆ ಹೊರಬಂದಾಗ ಪರ್ಡ್ಯೂ ವಿಶ್ವವಿದ್ಯಾಲಯದ ಎಂಜಿನಿಯರೊಬ್ಬರು ಅದರಲ್ಲಿನ ಸುಳಿಗಳ ವೇಗವನ್ನು ಅಳೆದು ದಿನಕ್ಕೆ 70,000 ಬ್ಯಾರೆಲ್‌ನ ಆಸುಪಾಸು ಇರಬಹುದೆಂದರು. ಮೇ 20ರ ಹೊತ್ತಿಗೆ ತೂರಿಸಿದ ಕೊಳವೆಯೊಂದೇ ದಿನಕ್ಕೆ 5,000 ಬ್ಯಾರೆಲ್ ಎಳೆಯುತ್ತಿದೆಯೆಂದು ಬಿಪಿಯೇ ಹೇಳಿತು. ಆದರೆ ಅದರ ಪಕ್ಕದಲ್ಲಿ ಎಣ್ಣೆ ಮೊದಲಿನಂತೆಯೇ ಉಕ್ಕುತ್ತಿರುವುದು ಚಿತ್ರದಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಅಂಕಿ ಮೇ ಕೊನೆಗೆ 12,000ದಿಂದ 19,000ಕ್ಕೆ, ಜೂನ್ ಮಧ್ಯಕ್ಕೆ 35,000ದಿಂದ 60,000ಕ್ಕೆ ಏರಿತು. ಆಗಸ್ಟ್‌ನ ಅಂತಿಮ ಅಂದಾಜಿನಲ್ಲಿ ಆರಂಭದ ಹರಿವು ದಿನಕ್ಕೆ 62,000 ಬ್ಯಾರೆಲ್.

ಕೆಸರು ಒತ್ತುವ ವಿಧಾನ ಫಲಿಸಬೇಕಾದರೆ ಹರಿವು ಒಂದು ಮಿತಿಯೊಳಗಿರಬೇಕು. ಹರಿವು ಅದನ್ನು ಎಷ್ಟೋ ಪಟ್ಟು ಮೀರಿದ್ದರೆ ಮೂರು ದಿನಗಳ ಶ್ರಮ ಮಾತ್ರವಲ್ಲ, ಮುಂದಿನ ದಾರಿಯನ್ನು ಆಯ್ಕೆ ಮಾಡಲು ಸಿಗಬೇಕಾಗಿದ್ದ ವಾರಗಳೂ ವ್ಯರ್ಥವಾಗುತ್ತವೆ. ಎಷ್ಟು ಹಡಗು ಬೇಕು, ಎಷ್ಟು ರಾಸಾಯನಿಕ ಬೇಕು, ಯಾವ ತೀರಕ್ಕೆ ಮೊದಲು ಹೋಗಬೇಕು ಎಂಬ ಪ್ರತಿ ತೀರ್ಮಾನವೂ ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ. ಇನ್ನೊಂದು ಕಡೆ, ಅಮೆರಿಕದ ಶುದ್ಧಜಲ ಕಾಯ್ದೆಯ ಪ್ರಕಾರ ದಂಡವನ್ನು ಬ್ಯಾರೆಲ್ ಲೆಕ್ಕದಲ್ಲಿ ವಿಧಿಸುವುದರಿಂದ, ಅಂಕಿ ಚಿಕ್ಕದಾಗಿರುವುದರಲ್ಲಿ ಕಂಪನಿಗೆ ನೇರ ಲಾಭವಿತ್ತು. ಹರಿವಿನ ಪ್ರಮಾಣದ ಬಗ್ಗೆ ಸಂಸತ್ತಿಗೆ ಮಾಹಿತಿ ಮುಚ್ಚಿಟ್ಟು ವಿಚಾರಣೆಗೆ ಅಡ್ಡಿಪಡಿಸಿದ ಅಪರಾಧವನ್ನು ಬಿಪಿ 2012ರ ನವೆಂಬರ್‌ನಲ್ಲಿ, ಹನ್ನೊಂದು ಸಾವುಗಳಿಗೆ ಸಂಬಂಧಿಸಿದ ಅಪರಾಧಗಳ ಜೊತೆಗೇ, ಒಪ್ಪಿಕೊಂಡು 400 ಕೋಟಿ ಡಾಲರ್ ಕೊಡಲು ಸಮ್ಮತಿಸಿತು. ಆದ್ದರಿಂದ ಇದು ನನ್ನ ಊಹೆಯಲ್ಲ.

ನ್ಯಾಯಕ್ಕಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಜೂನ್ 3ರಂದು ಇಳಿಸಿದ ಮುಚ್ಚಳದ ಮೂಲಕ, ಮುಂದೆ ಎರಡನೆಯ ಹಡಗೂ ಸೇರಿ, ದಿನಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬ್ಯಾರೆಲ್ ಮೇಲೆ ಬರತೊಡಗಿತು. ಜುಲೈ 12ರಂದು ಬಿಗಿಯಾಗಿ ಕೂರುವ ಹೊಸ ಮುಚ್ಚಳವನ್ನು ಜೋಡಿಸಿದರು. ಮೂರು ದಿನಗಳ ನಂತರ ಅದರ ಕವಾಟಗಳು ಮುಚ್ಚಿದವು. ಒಂದೂವರೆ ಕಿಲೋಮೀಟರ್ ನೀರಿನಡಿ, ಮನುಷ್ಯ ಇಳಿಯಲಾಗದ ಕತ್ತಲಲ್ಲಿ, ದೂರನಿಯಂತ್ರಿತ ಯಂತ್ರಗಳ ಕೈಗಳಿಂದ ಮುರಿದ ಕೊಳವೆಯ ಬೋಲ್ಟ್ ಬಿಚ್ಚಿ ಟನ್‌ಗಟ್ಟಲೆ ತೂಕದ ಕವಾಟವನ್ನು ಕೂರಿಸಿದ ಕೆಲಸಕ್ಕೆ ಯಾವ ಎಂಜಿನಿಯರ್ ಆದರೂ ತಲೆಬಾಗಬೇಕು. ನ್ಯಾಯಾಲಯ ಸ್ಫೋಟದ ವಿಷಯದಲ್ಲಿ ಬಿಪಿಯದು ಘೋರ ನಿರ್ಲಕ್ಷ್ಯವೆಂದು 2014ರಲ್ಲಿ ತೀರ್ಪು ನೀಡಿದರೂ, ಸೋರಿಕೆಯನ್ನು ಮೂಲದಲ್ಲಿ ತಡೆಯುವ ಸಿದ್ಧತೆಯ ವಿಷಯದಲ್ಲಿ ಹಾಗೆ ಹೇಳಲಿಲ್ಲ. ಕಾರಣ ಸರಳ: ಅಂಥ ಮುಚ್ಚಳವನ್ನು ಆಗ ಯಾವ ಕಂಪನಿಯೂ ಸಿದ್ಧವಾಗಿಟ್ಟುಕೊಂಡಿರಲಿಲ್ಲ, ಯಾವ ನಿಯಮವೂ ಕೇಳಿರಲಿಲ್ಲ. ಎಲ್ಲರೂ ಒಂದೇ ರೀತಿ ಸಿದ್ಧರಿಲ್ಲದಿದ್ದಾಗ ಒಬ್ಬನ ಸಿದ್ಧತೆಯಿಲ್ಲದಿರುವಿಕೆ ಕಾನೂನಿನ ಕಣ್ಣಿಗೆ ಘೋರವಾಗಿ ಕಾಣುವುದಿಲ್ಲ. ಸೋರಿಕೆಯಾದ 2010ರಲ್ಲೇ ಎಕ್ಸಾನ್‌ಮೊಬಿಲ್, ಶೆವ್ರಾನ್, ಕೊನೊಕೊಫಿಲಿಪ್ಸ್ ಮತ್ತು ಶೆಲ್ ಸೇರಿ ಇಂಥ ಸಲಕರಣೆಗಳನ್ನು ಸದಾ ಸಿದ್ಧವಾಗಿಡುವ ಪ್ರತ್ಯೇಕ ಸಂಸ್ಥೆಯೊಂದನ್ನು ಕಟ್ಟಿದವು. ಬಿಪಿ ಆಮೇಲೆ ಸೇರಿಕೊಂಡಿತು.

ಸುಡುವ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆಂಕಿ ತಾಳುವ ತೇಲುಗೋಡೆಯಿಂದ ಎಣ್ಣೆಯನ್ನು ಎರಡು ಮೂರು ಮಿಲಿಮೀಟರ್ ದಪ್ಪವಾಗುವಂತೆ ಒಟ್ಟುಮಾಡಿ ಹೊತ್ತಿಸುತ್ತಾರೆ. 411 ಬಾರಿ ಹೀಗೆ ಸುಟ್ಟು 2.2 ಲಕ್ಷದಿಂದ 3.1 ಲಕ್ಷ ಬ್ಯಾರೆಲ್ ಎಣ್ಣೆಯನ್ನು ನೀಗಿದರು. ಕಪ್ಪು ಹೊಗೆ ನೋಡಲು ಭೀಕರ, ಎಣ್ಣೆಯ ಸಾಲುಗಳಲ್ಲಿ ಸಿಕ್ಕಿಬಿದ್ದ ಕಡಲಾಮೆಗಳಿಗೆ ಅಪಾಯ ನಿಜ. ಆದರೂ ಸ್ಕಿಮ್ಮರ್‌ಗಳಿಗಿಂತ ಹೆಚ್ಚು ಎಣ್ಣೆ ಇಲ್ಲವಾದದ್ದು ಇದರಿಂದಲೇ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಸುರಿದ ರಾಸಾಯನಿಕಕ್ಕೆ ಡಿಸ್ಪರ್ಸೆಂಟ್ ಎನ್ನುತ್ತಾರೆ. ಕನ್ನಡದಲ್ಲಿ ಚದುರಕ ಎನ್ನಬಹುದು. ಜಿಡ್ಡಿನ ಪಾತ್ರೆಗೆ ಸಾಬೂನು ಮಾಡುವ ಕೆಲಸವನ್ನೇ ಅದು ಸಮುದ್ರದಲ್ಲಿ ಮಾಡುತ್ತದೆ: ಎಣ್ಣೆ ಮತ್ತು ನೀರಿನ ನಡುವಿನ ಸೆಳೆತವನ್ನು ಸಡಿಲಿಸಿ, ಪೊರೆಯನ್ನು ಕೂದಲೆಳೆಗಿಂತ ಸಣ್ಣ ಹನಿಗಳಾಗಿ ಒಡೆಯುತ್ತದೆ. ಅಷ್ಟು ಸಣ್ಣ ಹನಿ ಮೇಲಕ್ಕೇಳದೆ ನೀರಿನಲ್ಲೇ ತೇಲಾಡುತ್ತಾ ಉಳಿಯುತ್ತದೆ, ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಬೇಗ ಎಟುಕುತ್ತದೆ. ಬಿಪಿ ಒಟ್ಟು ಸುಮಾರು 70 ಲಕ್ಷ ಲೀಟರ್ ಕೊರೆಕ್ಸಿಟ್ ಎಂಬ ಹೆಸರಿನ ಚದುರಕವನ್ನು ಬಳಸಿತು. ಅದರಲ್ಲಿ 29 ಲಕ್ಷ ಲೀಟರ್ ಬಾವಿಯ ಬಾಯಿಯಲ್ಲೇ, ಸಮುದ್ರದ ತಳದಲ್ಲಿ. ಅಷ್ಟು ಆಳದಲ್ಲಿ ಚದುರಕವನ್ನು ಯಾರೂ ಹಿಂದೆ ಬಳಸಿರಲಿಲ್ಲ, ಹಾಗಾಗಿ ಪರಿಣಾಮ ಏನಾದೀತೆಂಬ ಅನುಭವವೂ ಯಾರಿಗೂ ಇರಲಿಲ್ಲ.

ಇದರಿಂದ ಎಣ್ಣೆ ಇಲ್ಲವಾಗುವುದಿಲ್ಲ, ಇರುವ ಜಾಗ ಬದಲಾಗುತ್ತದೆ. ಮೇಲ್ಮೈಯಲ್ಲಿ ಹಕ್ಕಿಗಳಿಗೆ, ಆಮೆಗಳಿಗೆ, ಉಸಿರಿಗೆ ಮೇಲೆ ಬರುವ ಡಾಲ್ಫಿನ್‌ಗಳಿಗೆ, ತೀರದ ಜೌಗಿಗೆ ತಟ್ಟಬೇಕಾಗಿದ್ದ ಎಣ್ಣೆಯನ್ನು ನೀರಿನ ಒಡಲಿಗೆ, ಅಲ್ಲಿನ ಮೀನಿನ ಮರಿಗಳಿಗೆ, ತಳದ ಹವಳಗಳಿಗೆ ವರ್ಗಾಯಿಸುವ ಆಯ್ಕೆ ಅದು. ಯಾವುದನ್ನು ಉಳಿಸಲು ಯಾವುದನ್ನು ಪಣಕ್ಕಿಡಬೇಕೆಂಬ ತೀರ್ಮಾನವದು, ಅದರಲ್ಲಿ ಶುದ್ಧವಾದ ಉತ್ತರವಿಲ್ಲ. ಬಾವಿಯ ನೆತ್ತಿಯ ಮೇಲೆ ನಿಂತ ಹಡಗುಗಳಲ್ಲಿ ದುಡಿಯುತ್ತಿದ್ದವರು ಉಸಿರಾಡುವ ಗಾಳಿಯಲ್ಲಿ ವಿಷಕಾರಿ ಆವಿ ಕಡಿಮೆಯಾಗಲಿ ಎಂಬ ಕಾರಣವನ್ನೂ ಕೊಟ್ಟರು. ಅದನ್ನು ನಾನು ನೆಪವೆಂದು ತಳ್ಳಿಹಾಕಲಾರೆ, ಏಕೆಂದರೆ ಆ ಹಡಗುಗಳು ಅಲ್ಲಿಂದ ಸರಿದಿದ್ದರೆ ಬಾವಿ ಮುಚ್ಚುವ ಕೆಲಸವೇ ನಿಲ್ಲುತ್ತಿತ್ತು.

ಆದರೆ ಮುಚ್ಚಿಹಾಕುವ ಆರೋಪ ಹುಟ್ಟಿದ್ದು ಸುಮ್ಮನೆ ಅಲ್ಲ. ಮೇ 20ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪ್ಪತ್ತನಾಲ್ಕು ಗಂಟೆಗಳೊಳಗೆ ಕಡಿಮೆ ವಿಷದ ಬದಲಿಯನ್ನು ಹುಡುಕುವಂತೆ ಬಿಪಿಗೆ ಆದೇಶಿಸಿತು. ಬೇಕಾದಷ್ಟು ಪ್ರಮಾಣದಲ್ಲಿ ಸಿಗುವ ಬೇರೆ ಚದುರಕ ಇದಕ್ಕಿಂತ ಉತ್ತಮವಲ್ಲವೆಂದು ಕಂಪನಿ ಉತ್ತರಿಸಿ ಕೊರೆಕ್ಸಿಟ್ ಬಳಕೆಯನ್ನು ಮುಂದುವರಿಸಿತು. ಮೇ 26ರಂದು ಸರ್ಕಾರ ಬಳಕೆಯನ್ನು ಮುಕ್ಕಾಲು ಪಾಲು ಇಳಿಸಬೇಕು, ಮೇಲ್ಮೈ ಸಿಂಪಡಣೆಯನ್ನು ವಿರಳ ಸಂದರ್ಭಗಳಿಗಷ್ಟೇ ಸೀಮಿತಗೊಳಿಸಬೇಕು ಎಂದಿತು. ಆ ‘ವಿರಳ’ ಸಂದರ್ಭಕ್ಕೆ ಮುಂದಿನ ವಾರಗಳಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆಯಾದ ಕೋಸ್ಟ್ ಗಾರ್ಡ್ ಎಪ್ಪತ್ತಕ್ಕೂ ಹೆಚ್ಚು ಬಾರಿ ಅನುಮತಿ ನೀಡಿತು. ಇದಾದ ಮೇಲೆ ಸರ್ಕಾರ ಎಂಟು ಚದುರಕಗಳನ್ನು ಪರೀಕ್ಷಿಸಿದಾಗ ಕೊರೆಕ್ಸಿಟ್ ಉಳಿದವುಗಳಿಗಿಂತ ಗಣನೀಯವಾಗಿ ಹೆಚ್ಚು ವಿಷಕಾರಿಯೆಂದು ಕಂಡುಬರಲಿಲ್ಲ, ನಿಜ. ಆದರೆ ಆ ಪರೀಕ್ಷೆ ನಡೆಯಬೇಕಾಗಿದ್ದದ್ದು ಸುರಿಯುವ ಮೊದಲು.

ಆಳದಲ್ಲಿ ಏನಾಯಿತು? ಅಮೆರಿಕದ ವುಡ್ಸ್ ಹೋಲ್ ಸಮುದ್ರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜೂನ್‌ನಲ್ಲಿ ಸುಮಾರು 1,100 ಮೀಟರ್ ಆಳದಲ್ಲಿ 35 ಕಿಲೋಮೀಟರ್‌ಗೂ ಹೆಚ್ಚು ಉದ್ದದ ಎಣ್ಣೆಯಂಶದ ಮೋಡವೊಂದನ್ನು ಗುರುತಿಸಿದರು. ಬಾವಿಯಿಂದ 11 ಕಿಲೋಮೀಟರ್ ದೂರದಲ್ಲಿ ಕಂದು ಪದರ ಮುಸುಕಿ ಸಾಯುತ್ತಿದ್ದ ಆಳಸಮುದ್ರದ ಹವಳಗಳು ಸಿಕ್ಕವು. ಎಣ್ಣೆಯ ಒಂದು ಪಾಲು ಪ್ಲವಕ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ಮತ್ತು ಲೋಳೆಯೊಡನೆ ಅಂಟಿಕೊಂಡು ಹಿಮದ ಹಳುಕುಗಳಂತೆ ತಳಕ್ಕಿಳಿಯಿತು. ಇದರಲ್ಲಿ ಚದುರಕದ ಪಾಲೆಷ್ಟು, ಬಾವಿಯ ರಭಸಕ್ಕೆ ಎಣ್ಣೆ ತಾನಾಗಿಯೇ ಒಡೆದದ್ದೆಷ್ಟು ಎಂಬುದರ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ನನ್ನ ಅಭಿಪ್ರಾಯ ಹೀಗೆ: ತಳದಲ್ಲಿ ಬಳಸಿದ್ದಕ್ಕೆ ಆ ಗಳಿಗೆಯ ಸಮರ್ಥನೆಯಿದೆ, ಮೇಲ್ಮೈಯಲ್ಲಿ ವಾರಗಟ್ಟಲೆ ಸಿಂಪಡಿಸಿದ್ದಕ್ಕೆ ಅಷ್ಟೇ ಬಲವಾದ ಸಮರ್ಥನೆ ನನಗೆ ಕಾಣುವುದಿಲ್ಲ. ಮರೆಮಾಚುವುದೇ ಉದ್ದೇಶವಾಗಿತ್ತೆಂದು ಹೇಳಲು ಪುರಾವೆ ಸಾಲದು, ಮರೆಯಾದದ್ದರಿಂದ ಕಂಪನಿಗೆ ಅನುಕೂಲವಾಯಿತೆಂಬುದು ಮಾತ್ರ ಸ್ಪಷ್ಟ.

ತೀರದ ಕೆಲಸಕ್ಕೆ ಬಂದರೆ, ಇಲ್ಲಿ ಕಡಿಮೆ ಮಾಡುವುದೇ ಹೆಚ್ಚು ಜಾಣತನವಾಗುವ ಸಂದರ್ಭಗಳು ಬಹಳ. 2,000 ಕಿಲೋಮೀಟರ್‌ಗೂ ಹೆಚ್ಚು ತೀರಕ್ಕೆ ಎಣ್ಣೆ ತಟ್ಟಿತು. ಮರಳ ದಂಡೆಯಲ್ಲಿ ಜರಡಿ ಯಂತ್ರ ಓಡಿಸಿ ಉಂಡೆಗಳನ್ನು ಹೆಕ್ಕಬಹುದು. ಲೂಸಿಯಾನಾದ ಬರಟಾರಿಯಾ ಕೊಲ್ಲಿಯಂಥ ಜೌಗಿನಲ್ಲಿ ಹಾಗಲ್ಲ. ಅಲ್ಲಿ ಹುಲ್ಲಿನ ಬೇರೇ ನೆಲವನ್ನು ಹಿಡಿದಿಟ್ಟಿರುತ್ತದೆ. ಹತ್ತು ಜನ ಬೂಟು ಹಾಕಿಕೊಂಡು ನಡೆದರೆ ಮೇಲಿದ್ದ ಎಣ್ಣೆ ಕೆಸರಿನಾಳಕ್ಕೆ ಇಳಿಯುತ್ತದೆ, ಗಾಳಿಯಾಡದ ಅಲ್ಲಿ ಅದು ವರ್ಷಗಟ್ಟಲೆ ಕೊಳೆಯದೆ ಉಳಿಯುತ್ತದೆ. ಆದ್ದರಿಂದ ತೀರಾ ದಪ್ಪ ಪದರವಿದ್ದ ಕಡೆ ಹಲಗೆ ಹಾಸಿಕೊಂಡು ಕೆರೆದು, ಕತ್ತರಿಸಿ, ಉಳಿದೆಡೆ ಕೈಕಟ್ಟಿ ನಿಲ್ಲುವುದೇ ಸರಿಯಾದ ಕ್ರಮ. ಜನರಿಗೆ ಇದನ್ನು ಒಪ್ಪಿಸುವುದು ಕಷ್ಟ, ಚುನಾಯಿತ ಪ್ರತಿನಿಧಿಗಳಿಗೆ ಇನ್ನೂ ಕಷ್ಟ. 1989ರಲ್ಲಿ ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ಬಡಿದಾಗ ಎಕ್ಸಾನ್ ಕಂಪನಿ ಬಿಸಿನೀರನ್ನು ಭಾರೀ ಒತ್ತಡದಲ್ಲಿ ಹಾಯಿಸಿ ಕಲ್ಲುದಂಡೆಗಳನ್ನು ತೊಳೆಸಿತ್ತು. ಕಲ್ಲುಗಳು ಫಳಫಳ ಹೊಳೆದವು. ಎಣ್ಣೆಯನ್ನು ತಾಳಿಕೊಂಡು ಬದುಕಿದ್ದ ಚಿಪ್ಪುಜೀವಿಗಳೂ ಪಾಚಿಗಳೂ ಆ ಬಿಸಿಗೆ ಬೆಂದುಹೋದವು.

ಮೆಕ್ಸಿಕೊ ಕೊಲ್ಲಿಯಲ್ಲಿ ಅದಕ್ಕೆ ಸಮನಾದ ತಪ್ಪು ಕಂಪನಿಯದಲ್ಲ, ರಾಜ್ಯದ್ದು. ಲೂಸಿಯಾನಾದ ಗವರ್ನರ್ ಒತ್ತಾಯದಿಂದ ತೀರದಾಚೆ ಮರಳಿನ ದಿಬ್ಬಗಳನ್ನು ಕಟ್ಟುವ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಬಿಪಿ 36 ಕೋಟಿ ಡಾಲರ್ ಕೊಡಲು ಒಪ್ಪಿತು. ಅಧ್ಯಕ್ಷರು ನೇಮಿಸಿದ ತನಿಖಾ ಆಯೋಗದ ಲೆಕ್ಕದಲ್ಲಿ ಆ ದಿಬ್ಬಗಳು ತಡೆದ ಎಣ್ಣೆ ಹೆಚ್ಚೆಂದರೆ ಸಾವಿರ ಬ್ಯಾರೆಲ್, ಬಾವಿ ಅರ್ಧ ಗಂಟೆಗೂ ಕಡಿಮೆ ಹೊತ್ತಿನಲ್ಲಿ ಹೊರಹಾಕುತ್ತಿದ್ದಷ್ಟು. ಎಣ್ಣೆಯನ್ನು ಹೊರತಳ್ಳಲೆಂದು ಮಿಸಿಸಿಪಿ ನದಿಯ ಸಿಹಿನೀರನ್ನು ಜೌಗಿಗೆ ಬಿಟ್ಟಾಗ ಉಪ್ಪುನೀರು ಬೇಕಾದ ಸಿಂಪಿಗಳು ರಾಶಿರಾಶಿಯಾಗಿ ಸತ್ತವು. ಏನಾದರೂ ಮಾಡುತ್ತಿದ್ದೇವೆಂದು ತೋರಿಸಬೇಕಾದ ಒತ್ತಡಕ್ಕೆ ಕಂಪನಿ ಮತ್ತು ಸರ್ಕಾರ ಎರಡೂ ಸಿಲುಕಿದ್ದವು. ಹಣ ಕೊಡುವವನಿಗೆ ಬೇಡವೆನ್ನುವ ಧೈರ್ಯವಿರಲಿಲ್ಲ, ಕೇಳುವವನಿಗೆ ಖರ್ಚಿನ ಚಿಂತೆಯಿರಲಿಲ್ಲ.

ನಿಮ್ಮ ಮೂರನೆಯ ಪ್ರಶ್ನೆಗೆ ಇದರಲ್ಲೇ ಅರ್ಧ ಉತ್ತರವಿದೆ. ಎಕ್ಸಾನ್ ವಾಲ್ಡೀಜ್ ಅನುಭವದಿಂದ ಹುಟ್ಟಿದ 1990ರ ತೈಲ ಮಾಲಿನ್ಯ ಕಾಯ್ದೆ ಚೆಲ್ಲಿದವನೇ ಶುಚಿ ಮಾಡಬೇಕು, ಅದರ ಪೂರ್ತಿ ಖರ್ಚನ್ನೂ ಅವನೇ ಭರಿಸಬೇಕು ಎನ್ನುತ್ತದೆ. ಆದರೆ ಆಜ್ಞೆ ಅವನದಲ್ಲ, ಕೋಸ್ಟ್ ಗಾರ್ಡ್‌ನದು. ಇಲ್ಲಿ ಅಡ್ಮಿರಲ್ ಥ್ಯಾಡ್ ಅಲೆನ್ ಇಡೀ ಕಾರ್ಯಾಚರಣೆಯ ಮುಖ್ಯಸ್ಥರಾಗಿದ್ದರು. ಕಂಪನಿಯನ್ನು ಪೂರ್ತಿ ಹೊರಗಿಡಿ ಎಂಬ ಕೂಗೆದ್ದಾಗ ಸರ್ಕಾರಕ್ಕೆ ಹಾಗೆ ಮಾಡಲಾಗಲಿಲ್ಲ, ಏಕೆಂದರೆ ಆ ಆಳದಲ್ಲಿ ಕೆಲಸ ಮಾಡುವ ಹಡಗುಗಳೂ ಯಂತ್ರಗಳೂ ಪರಿಣತರೂ ತೈಲ ಉದ್ಯಮದ ಕೈಯಲ್ಲೇ ಇದ್ದರು. ಆದ್ದರಿಂದ ಕೆಲಸವನ್ನು ಕಂಪನಿಗೆ ಬಿಡುವುದು ವಿಚಿತ್ರವಲ್ಲ, ಅನಿವಾರ್ಯ. ವಿಚಿತ್ರವಾದದ್ದು ಅಳತೆಯನ್ನೂ ಅದರ ಕೈಗೇ ಬಿಟ್ಟದ್ದು. ಎಷ್ಟು ಸೋರುತ್ತಿದೆ, ಗಾಳಿಯಲ್ಲಿ ಏನಿದೆ, ಕೆಲಸಗಾರರ ಆರೋಗ್ಯ ಹೇಗಿದೆ, ದಂಡೆ ಶುಚಿಯಾಯಿತೇ ಎಂಬುದನ್ನು ಅಳೆಯುವವರು ಬೇರೆಯೇ ಆಗಿರಬೇಕು, ಮೊದಲ ದಿನದಿಂದಲೇ ಅಲ್ಲಿರಬೇಕು. ಸ್ವಚ್ಛತಾ ಕಾರ್ಯದಲ್ಲಿದ್ದ ಸುಮಾರು 33,000 ಮಂದಿಯ ಆರೋಗ್ಯವನ್ನು ದೀರ್ಘಕಾಲ ಗಮನಿಸುವ ಸರ್ಕಾರಿ ಅಧ್ಯಯನಕ್ಕೆ ಜನರನ್ನು ಸೇರಿಸಿಕೊಳ್ಳಲು ಆರಂಭಿಸಿದ್ದು ಬಾವಿ ಮುಚ್ಚಿ ತಿಂಗಳುಗಳಾದ ಮೇಲೆ.

ಹಣದ ವಿಷಯದಲ್ಲಿ ಕಂಪನಿ ಹಿಂದೆ ಸರಿಯಿತೆಂದು ಹೇಳಲಾಗದು. ಆಗಿನ ಕಾನೂನಿನಲ್ಲಿ ಶುಚಿ ಮಾಡುವ ವೆಚ್ಚಕ್ಕೆ ಮಿತಿಯಿರಲಿಲ್ಲ, ಆದರೆ ಜನರ ನಷ್ಟ ಪರಿಹಾರಕ್ಕೆ 7.5 ಕೋಟಿ ಡಾಲರ್‌ಗಳ ಮಿತಿಯಿತ್ತು. ಅದರ ಹಿಂದೆ ಅಡಗುವುದಿಲ್ಲವೆಂದು ಬಿಪಿ ಹೇಳಿತು. ಜೂನ್ 16ರಂದು ಶ್ವೇತಭವನದ ಮಾತುಕತೆಯ ನಂತರ 2,000 ಕೋಟಿ ಡಾಲರ್‌ಗಳ ನಿಧಿಗೆ ಒಪ್ಪಿತು. ಕೊಲ್ಲಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ವ್ಯಾಪ್ತಿಗೆ ಸೇರಿದ ನೀರಿನ ಮೂರನೇ ಒಂದಕ್ಕಿಂತ ಹೆಚ್ಚು ಭಾಗದಲ್ಲಿ ಮೀನುಗಾರಿಕೆ ನಿಂತುಹೋಗಿದ್ದಾಗ ಮೀನುಗಾರರ ದೋಣಿಗಳನ್ನೇ ದಿನಗೂಲಿಗೆ ಹಿಡಿದು ತೇಲುಗೋಡೆ ಎಳೆಸಿತು. ಅದರಿಂದ ಎಣ್ಣೆ ಹೆಚ್ಚು ಸಿಗಲಿಲ್ಲ, ಮನೆಗಳಿಗೆ ಆದಾಯ ಸಿಕ್ಕಿತು. ಹಾಗೆ ನೋಡಿದರೆ ಅದು ಸ್ವಚ್ಛತೆಯ ಹೆಸರಿನ ಪರಿಹಾರ ಕಾರ್ಯ. ಸ್ಪಂದನೆ ಮತ್ತು ಸ್ವಚ್ಛತೆಗೆ ತಾನು 1,400 ಕೋಟಿ ಡಾಲರ್ ವ್ಯಯಿಸಿದ್ದಾಗಿ ಕಂಪನಿ ಹೇಳುತ್ತದೆ. ದಂಡ, ಪರಿಹಾರ ಎಲ್ಲ ಸೇರಿ ಅದರ ಒಟ್ಟು ಹೊರೆ 6,500 ಕೋಟಿ ಡಾಲರ್ ದಾಟಿತು.

ಕೆಲಸ ಯಾವಾಗ ಮುಗಿಯಿತು ಎಂಬುದರಲ್ಲೂ ಅಳೆಯುವವರು ಯಾರು ಎಂಬ ಪ್ರಶ್ನೆಯೇ ಮರಳಿ ಬರುತ್ತದೆ. ಮಿಸಿಸಿಪಿ, ಅಲಬಾಮಾ, ಫ್ಲಾರಿಡಾ ತೀರಗಳಲ್ಲಿ ಸಕ್ರಿಯ ಸ್ವಚ್ಛತೆ 2013ರ ಜೂನ್‌ಗೆ ನಿಂತಿತು. ಅದಕ್ಕೆ ಹತ್ತು ತಿಂಗಳು ಮುಂಚೆ ಐಸಾಕ್ ಚಂಡಮಾರುತ ಲೂಸಿಯಾನಾದ ದಂಡೆಯ ಮರಳನ್ನು ಕೊಚ್ಚಿಕೊಂಡು ಹೋದಾಗ ಅಡಿಯಲ್ಲಿ ಹೂತಿದ್ದ ಡಾಂಬರಿನ ಚಾಪೆಗಳು ಹೊರಗೆ ಕಂಡಿದ್ದವು. 2014ರ ಏಪ್ರಿಲ್ ಮಧ್ಯದಲ್ಲಿ ಲೂಸಿಯಾನಾದಲ್ಲೂ ಸಕ್ರಿಯ ಸ್ವಚ್ಛತೆ ಮುಗಿಯಿತೆಂದು ಬಿಪಿ ಪ್ರಕಟಿಸಿತು. ಅದರ ಬೆನ್ನಿಗೇ ಕೋಸ್ಟ್ ಗಾರ್ಡ್ ಬೇರೆ ಹೇಳಿಕೆ ಕೊಟ್ಟು, ಕಾರ್ಯಾಚರಣೆ ಮುಗಿದಿಲ್ಲ, ಇನ್ನು ಮುಂದೆ ಎಣ್ಣೆ ಕಂಡಿತೆಂಬ ಕರೆ ಬಂದಾಗಲೆಲ್ಲ ಹೋಗಿ ತೆಗೆಯುವ ಹಂತಕ್ಕೆ ಬಂದಿದ್ದೇವೆ, ಅಷ್ಟೇ, ಎಂದು ಸ್ಪಷ್ಟಪಡಿಸಿತು.